ಹಳ್ಳಿ ಹಳ್ಳಿಗೂ ಹಗುರಾದ ಡೇರೆ

ಮಾನ್ವಿಯ ತಾಯಣ್ಣನಿಗೆ ಸರಕಾರ ಕೊಟ್ಟದ್ದು ಒಂದು ಖಾಕಿ ಕೋಟು, ಸೂಜಿಗಳ ತಗಡಿನ ಡಬ್ಬಿ, ಔಷಧದ ಗಾಜಿನ ನಳಿಕೆಗಳನ್ನು ತಂಪಾಗಿಡಲು ಒಂದು ಮಣ್ಣಿನ ಗಡಿಗೆ ಮತ್ತು ಮೂವತ್ತೊಂದು ಹಳ್ಳಿ. ಮಾನ್ವಿಯಿಂದ ಹೊರಟು ಮಲ್ಲಟದ ಮೇಲೆ ದೇವದುರ್ಗ, ಅಲ್ಲಿಂದ ಕೃಷ್ಣೆಯ ದಂಡೆಯ ಕೊನೆಯ ಊರಿನ ತನಕ ನಡೆದು, ದಾರಿಯ ಪ್ರತಿ ಊರಿನ ಮಕ್ಕಳಿಗೂ ಸಿಡುಬಿನ ಚುಚ್ಚು ಹಾಕಿ ಬರುವುದು ಅವನ ನೌಕರಿ. ಹಿಂಗಾರು ಬಿತ್ತುವ ಹೊತ್ತಿಗೆ ಹೊರಟರೆ ಮರಳುವಾಗ ಬಿಳಿಜೋಳ ತೆನೆ ಬಿಟ್ಟಿರುತ್ತಿತ್ತು. ಜನ ಅವನನ್ನು ಚುಚ್ಚೋ ತಾಯಣ್ಣ ಎಂದೇ ಕರೆಯುತ್ತಿದ್ದರು. ಆರಡಿಗೂ ಮೀರಿದ ಆಳು, ಬಿದಿರಿನ ಹಾಗೆ ತೆಳ್ಳಗೆ. ಅವನು ಊರಿಗೆ ಬರುವುದು ಅರ್ಧ ಹರದಾರಿ ದೂರದಿಂದಲೇ ಕಾಣುತ್ತಿದ್ದುದರಿಂದ ಮಕ್ಕಳಿಗೆ ಅಡಗಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತಿತ್ತು.

ನಡೆಯುವುದಕ್ಕೆ ತಾಯಣ್ಣ ಹೆದರುವವನಲ್ಲ. ಅವನ ತೊಂದರೆ ಶುರುವಾಗುತ್ತಿದ್ದುದು ನಡೆದು ಮುಗಿದ ಮೇಲೆ. ಗುಡಿಯ ಪಡಸಾಲೆಯಲ್ಲಾಗಲಿ ಚಾವಡಿಯಲ್ಲಾಗಲಿ ಅವನ ಜಾತಿಯವರಿಗೆ ಮಲಗಲು ಜಾಗವಿರಲಿಲ್ಲ. ಕೇರಿಯಲ್ಲಿ ಅವನ ಬಳಗದವರು ಕೈಹಿಡಿದು ಕರೆಯುತ್ತಿದ್ದರು. ಆದರೆ ಅಲ್ಲಿ ಉಳಿದರೆ ಮರುದಿನ ಊರೊಳಗಿನವರು ಮಕ್ಕಳನ್ನು ಕರೆದುಕೊಂಡು ಬರುತ್ತಿರಲಿಲ್ಲ. ಹೀಗಾಗಿ ಊರಿಗೂ ಕೇರಿಗೂ ನಡುವೆ ನಿಂತ ಯಾವುದಾದರೂ ಮರವೇ ಅವನ ಬಿಡಾರ. ಚುಚ್ಚಿಸಿಕೊಂಡ ಮಕ್ಕಳ ತಲೆಯ ಮೇಲೆ ಕೆಲವರು ಒಂದು ತಂಬಿಗೆ ನೀರು ಸುರಿದೇ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರು. ನೀರು ಹೊರಗೆ ಹರಿದುಹೋಗುತ್ತದೆ, ಔಷಧ ಒಳಗೇ ಉಳಿಯುತ್ತದೆ ಎಂದುಕೊಂಡು ತಾಯಣ್ಣ ಸುಮ್ಮನಿರುತ್ತಿದ್ದ.

ನಲವತ್ತೈದನೆಯ ಇಸವಿಯಲ್ಲಿ ಚಿತ್ತಿ ಮಳೆ ಅವನನ್ನು ಮಲ್ಲಟದ ಹತ್ತಿರ ಹಿಡಿಯಿತು. ಗಡಿಗೆಯನ್ನು ಕೋಟಿನೊಳಗೆ ಅವುಚಿಕೊಂಡು ಒಂದು ಹುಣಸೆ ಮರದ ಬುಡದಲ್ಲಿ ಬೆಳಗಾಗುವ ತನಕ ನಿಂತ. ಔಷಧಕ್ಕೆ ಏನೂ ಆಗಲಿಲ್ಲ, ಅವನಿಗೆ ಹದಿನೈದು ದಿನ ಜ್ವರ ಬಂತು. ಮಾನ್ವಿಯ ಮನೆಯಲ್ಲಿ ಹೆಂಡತಿ ಸೂಗಮ್ಮ ಕಷಾಯ ಕುದಿಸುತ್ತಾ ಕೇಳಿದಳು:

“ಕುರಿಗೆ ಹಟ್ಟಿ ಅದ. ಸಾಹೇಬರಿಗೆ ಡೇರಿ ಅದ. ನಿನಗೇನದ?”

“ನನಗ ನೀ ಅದಿ,” ಎಂದ ತಾಯಣ್ಣ, ಹೊದಿಕೆಯೊಳಗಿನಿಂದ.

“ನಾ ಮಾನ್ವ್ಯಾಗ ಅದೀನಿ. ಮಳಿ ಬರೋದು ಮಲ್ಲಟದಾಗ. ಮುಂದಿನ ವರ್ಷ ನೀ ಡೇರಿ ಇಲ್ಲದ ಹೊರಗ ಹೋದ್ರ ನೋಡು.”

ಹಾಗೆ ಮರುವರ್ಷ ಗಣಪತಿ ಹಬ್ಬ ಮುಗಿದ ವಾರದಲ್ಲಿ ಗಂಡಹೆಂಡತಿ ಬಸ್ಸು ಹತ್ತಿ ರಾಯಚೂರಿಗೆ ಬಂದರು. ತೀನ್ ಕಂದೀಲ್ ಬಜಾರಿನ ಹತ್ತಿರದ ಗಲ್ಲಿಯಲ್ಲಿ ಉಮ್ಮೇ ಕುಲ್ಸುಮ್ ಎಂಬ ಮುದುಕಿ ಡೇರೆ ಹೊಲಿಯುತ್ತಾಳೆ ಎಂದು ಯಾರೋ ಹೇಳಿದ್ದರು. ಅವಳ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಂದಿನಿಂದ ತಾಲೂಕಿನ ಸಾಹೇಬರುಗಳ ಡೇರೆ, ಮದುವೆಯ ಶಾಮಿಯಾನ ಎಲ್ಲವೂ ಅವಳ ಸೂಜಿಯಿಂದಲೇ ಬರುತ್ತಿದ್ದವು. ಸೂಜಿಯೆಂದರೆ ಗೇಣುದ್ದದ ದಬ್ಬಣ. ಅದನ್ನು ಬಾಯಲ್ಲಿ ಅಡ್ಡ ಕಚ್ಚಿಕೊಂಡೇ ಅವಳು ಮಾತಾಡುತ್ತಿದ್ದಳು.

“ಎಷ್ಟೆತ್ತಿನ ಡೇರಾ ಬೇಕು?” ಎಂದು ಕೇಳಿದಳು.

ತಾಯಣ್ಣನಿಗೆ ಅರ್ಥವಾಗಲಿಲ್ಲ. ಅವಳು ಒಳಗೆ ಪೇರಿಸಿಟ್ಟ ಗಂಟುಗಳನ್ನು ತೋರಿಸಿದಳು. ದಪ್ಪ ಗಂಟು ಸಾಗಿಸಲು ನಾಲ್ಕೆತ್ತು ಬೇಕಾಗುವ ಡೇರೆ, ತಹಸೀಲದಾರರಿಗೆ. ಅದಕ್ಕಿಂತ ಸಣ್ಣದು ಎರಡೆತ್ತಿನದು, ಅದಕ್ಕಿಂತ ಕೆಳಗಿನವರಿಗೆ.

“ಎತ್ತಿಲ್ರಿ ಯವ್ವಾ. ನಾನ ಹೊರಬೇಕು. ಮಾನ್ವಿಯಿಂದ ಕೃಷ್ಣಾದ ತನಕ, ಹಳ್ಳಿ ಹಳ್ಳಿ ತಿರುಗಿ.”

ಕುಲ್ಸುಮ್ ಬಾಯಿಂದ ದಬ್ಬಣ ತೆಗೆದಳು. “ನಲವತ್ತು ವರ್ಷ ಆತು ನಾ ಹೊಲ್ಯಾಕತ್ತಿ. ಡೇರಾ ಹೊರಸೋರು ಬಂದಾರ. ಹೊರೋರು ಬಂದಿದ್ದಿಲ್ಲ. ಕೂಡು ಬೇಟಾ.”

ಅವಳು ಮೊದಲು ಡೇರೆಯ ಮಾತೇ ಎತ್ತಲಿಲ್ಲ. ಅಂಗಡಿಯ ಮೂಲೆಯಿಂದ ಒಂದು ಗೋಣಿಚೀಲ ತಂದು ಕೊಟ್ಟಳು. ಅದರಲ್ಲಿ ತನಗೆ ಹೊರಲು ಬರುವಷ್ಟು ಕಲ್ಲು ತುಂಬಿಕೊಂಡು ಆಮ್ ತಲಾಬಿನ ತನಕ ಹೋಗಿ, ಕೆರೆಯನ್ನು ಒಂದು ಸುತ್ತು ಹಾಕಿ ಬರಬೇಕು. ಭಾರ ಅನ್ನಿಸಿದಲ್ಲೆಲ್ಲ ಒಂದು ಕಲ್ಲು ಎಸೆಯಬೇಕು. ಮರಳಿ ಬಂದಾಗ ಚೀಲದಲ್ಲಿ ಉಳಿದದ್ದೇ ಅವನು ದಿನವಿಡೀ ಹೊರಬಲ್ಲ ತೂಕ. ತಾಯಣ್ಣ ಹೆಂಡತಿಯ ಎದುರಿಗೆ ಚೀಲವನ್ನು ಕಂಠಪೂರ್ತಿ ತುಂಬಿ ಬೆನ್ನಿಗೇರಿಸಿದ.

ಕೆರೆಯ ಏರಿಗೆ ಬರುವಷ್ಟರಲ್ಲಿ ಅವನ ಹಣೆಯ ನರ ಎದ್ದಿತ್ತು. ಸೂಗಮ್ಮ ಹಿಂದೆ ಹಿಂದೆ ಬರುತ್ತಿದ್ದಳು. ಗಂಡ ಒಂದು ಕಲ್ಲನ್ನೂ ಎಸೆಯುವ ಪೈಕಿ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಚೀಲದ ಹೊಲಿಗೆ ಒಂದು ಕಡೆ ಬಿಚ್ಚಿಕೊಂಡಿದ್ದನ್ನು ಅವಳು ಅಂಗಡಿಯಲ್ಲೇ ನೋಡಿದ್ದಳು. ಒಂದು ತಿರುವಿಗೆ ಒಂದರಂತೆ ಆ ತೂತಿನಿಂದ ಕಲ್ಲು ಜಗ್ಗಿ ಸದ್ದಾಗದಂತೆ ಹುಲ್ಲಿನಲ್ಲಿ ಇಡುತ್ತಾ ಬಂದಳು.

ಅರ್ಧ ಸುತ್ತು ಮುಗಿದಾಗ ತಾಯಣ್ಣ ಎದೆಯುಬ್ಬಿಸಿ ಹೇಳಿದ: “ನೋಡು, ರೂಢಿ ಅಂದ್ರ ಇದು. ನಡಕೋತ ಹೋದಂಗ ಭಾರ ಗೊತ್ತ ಆಗಂಗಿಲ್ಲ.”

“ನಿನ್ನ ಸಮ ಯಾರದಾರ,” ಎಂದಳು ಸೂಗಮ್ಮ.

ಅಂಗಡಿಗೆ ಬಂದು ಚೀಲ ಇಳಿಸಿದಾಗ ಅದರಲ್ಲಿ ನಾಲ್ಕೇ ಕಲ್ಲು. ತಾಯಣ್ಣ ಚೀಲದೊಳಗೆ ತಲೆ ಹಾಕಿ ನೋಡಿದ, ಹೊರಗೆ ತೆಗೆದು ಹೆಂಡತಿಯ ಮುಖ ನೋಡಿದ. ಅವಳು ಗೋಡೆಗೆ ತೂಗುಹಾಕಿದ ಹಗ್ಗಗಳನ್ನು ಬಹಳ ಲಕ್ಷ್ಯದಿಂದ ನೋಡುತ್ತಿದ್ದಳು. ಕುಲ್ಸುಮ್ ಕಲ್ಲುಗಳನ್ನು ತಕ್ಕಡಿಗೆ ಹಾಕಿದಳು. ಏಳು ಸೇರು ತೂಗಿತು.

“ಇದರಾಗ ನಿನ್ನ ಗಡಿಗಿ ಬರಬೇಕು, ಬುತ್ತಿ ಬರಬೇಕು, ಕಂಬಳಿ, ಉಡೋ ಅರಿವಿ. ಎಲ್ಲಾ ಹೋಗಿ ಡೇರಾಕ್ಕ ಉಳಿಯೋದು ಒಂದೂವರಿ ಸೇರು. ಒಂದೂವರಿ ಸೇರಿನ ಡೇರಾ ನಾ ಕಂಡಿಲ್ಲ. ನೋಡೋಣು.”

ಮೊದಲು ತೋರಿಸಿದ್ದು ಸಿಪಾಯಿಗಳು ಮಲಗುವ ಸಣ್ಣ ಪಾಲ್ ಡೇರೆ. ದಪ್ಪ ಕ್ಯಾನ್ವಾಸು, ಗಟ್ಟಿ ಹೊಲಿಗೆ. ತಾಯಣ್ಣನಿಗೆ ಅದರ ಬಿಗಿ ಬಹಳ ಹಿಡಿಸಿತು. ಎತ್ತಿ ನೋಡಿ, ಇದೇನು ಅಂಥ ಭಾರವಿಲ್ಲ ಎಂದ. ಕುಲ್ಸುಮ್ ಅದನ್ನು ಅಂಗಳದ ನೀರಿನ ತೊಟ್ಟಿಗೆ ಅದ್ದಿ, ಹಿಂಡಿ, ಮತ್ತೆ ಅವನ ಕೈಗೆ ಕೊಟ್ಟಳು. ತಾಯಣ್ಣನ ಮೊಣಕಾಲು ಬಾಗಿತು.

“ಡೇರಾನ ಒಣಗಿದ್ದಾಗ ತೂಗಬಾರದು ಬೇಟಾ. ಮಳಿ ಬಂದ ಮರುದಿನ ಮುಂಜಾನಿ ಹೊರೋದು ತೊಯ್ದಿದ್ದನ್ನ ಅಲ್ಲೇನು?”

ಸೂಗಮ್ಮ ಆಗ ಅಂಗಡಿಯ ಒಳಮೂಲೆಯಲ್ಲಿದ್ದ ಇನ್ನೊಂದು ಗಂಟನ್ನು ಮುಟ್ಟಿ ನೋಡುತ್ತಿದ್ದಳು. ಬೆಳ್ಳಗೆ, ಕೈಗೆ ಹತ್ತದಷ್ಟು ನುಣುಪು. ಹಿಡಿದರೆ ಜಾರಿ ತಾನೇ ನೆಲಕ್ಕೆ ಹರಿದು ಬರುವ ಬಟ್ಟೆ. “ಇದೇನ್ರಿ ಯವ್ವಾ?”

ಅದು ವಿಮಾನದಿಂದ ಜಿಗಿಯುವ ಸಿಪಾಯಿಗಳ ಛತ್ರಿಯ ರೇಷ್ಮೆ ಎಂದು ಕುಲ್ಸುಮ್ ಹೇಳಿದಳು. ಯುದ್ಧ ಮುಗಿದ ಮೇಲೆ ಸಿಕಂದರಾಬಾದಿನಲ್ಲಿ ಮಿಲಿಟರಿ ಸಾಮಾನು ಹರಾಜಾದಾಗ ಅವಳ ತಮ್ಮ ಮೌಲಾಹುಸೇನ ತಂದು ಹಾಕಿ ಹೋಗಿದ್ದ. ಏನಕ್ಕೂ ಬಾರದ ಅರಿವೆಯೆಂದು ಅವಳು ಅದನ್ನು ಬಿಚ್ಚಿಯೂ ಇರಲಿಲ್ಲ.

“ಇದು ತಡೀತದೇನು?” ಎಂದು ತಾಯಣ್ಣ ಅನುಮಾನಿಸಿದ. “ನನ್ನ ಧೋತ್ರಕ್ಕಿಂತ ತೆಳ್ಳಗದ.”

“ಆಕಾಶದಿಂದ ಬೀಳೋ ಮನಿಷ್ಯಾನ್ನ ತಡದದ,” ಎಂದಳು ಸೂಗಮ್ಮ. “ನಿನ್ನ ಮ್ಯಾಲಿನ ಮಳಿ ತಡಿಯಂಗಿಲ್ಲೇನು?”

ಕುಲ್ಸುಮ್ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ತಾಯಣ್ಣನನ್ನು ಮಲಗಿಸಿದಳು. ಅವಳ ಗೆರೆಗಳೆಲ್ಲ ಮಾಮೂಲಿ ಮನುಷ್ಯರಿಗೆ ಎಳೆದು ರೂಢಿಯಾದವು. ತಾಯಣ್ಣನ ಪಾದ ಗೆರೆ ದಾಟಿ ಹೊಸ್ತಿಲಿಗೆ ಹೋಗಿ ಮುಟ್ಟಿತು. ಒಂದು ಮೊಳ ಉದ್ದ ಹೆಚ್ಚಿಸಿದಳು. ಕಂಬ ಬೇಡವೆಂದಳು: ನಡೆಯುವಾಗ ಕೈಯಲ್ಲಿರುವ ಕೋಲನ್ನೇ ತಲೆಯ ಕಡೆ ನಿಲ್ಲಿಸಿದರಾಯಿತು, ಕಾಲಿನ ಕಡೆ ಬಟ್ಟೆ ನೆಲಕ್ಕೆ ಇಳಿಯಲಿ. ಗೂಟವೂ ಬೇಡ. “ಎರಿ ಹೊಲದಾಗ ಮಳಿ ಆದ ಮ್ಯಾಲೆ ಗೂಟ ಬಡದ್ರ ಬೆಣ್ಣ್ಯಾಗ ಬೆರಳಿಟ್ಟಂಗ. ದಾರ ಬಿಟ್ಟಿರ್ತೀನಿ. ಕಲ್ಲಿಗೆ ಕಟ್ಟು.”

ಎಂಟು ದಿನದ ಮೇಲೆ ಡೇರೆ ತಯಾರಾಯಿತು. ಒಂದು ಸೇರಿಗಿಂತ ಒಂದು ಹಿಡಿ ಕಡಿಮೆಯೇ ತೂಗಿತು. ಮಡಿಚಿದರೆ ಬುತ್ತಿಯ ಗಂಟಿನಷ್ಟು. ಆದರೂ ಪರೀಕ್ಷೆಯಾಗದೆ ಕೊಡುವುದಿಲ್ಲವೆಂದು ಕುಲ್ಸುಮ್ ಅದನ್ನು ಗಲ್ಲಿಯ ನಡುವೆಯೇ ಕಟ್ಟಿಸಿ, ತಾಯಣ್ಣನನ್ನು ಒಳಗೆ ಕೂರಿಸಿ, ಕೊಡ ತುಂಬಿ ಸೂಗಮ್ಮನ ಕೈಗೆ ಕೊಟ್ಟಳು. ತೀನ್ ಕಂದೀಲಿನ ಅರ್ಧ ಬಜಾರು ಬಂದು ಸುತ್ತ ನಿಂತಿತು. ಸೂಗಮ್ಮ ಸುರಿದಳು. ಮೊದಲ ಕೊಡಕ್ಕೆ ಬಟ್ಟೆಯೊಳಗಿನಿಂದ ಸಣ್ಣ ಮಂಜಿನ ಹಾಗೆ ನೀರು ಒಳಗಿಳಿಯಿತು.

“ತೊಯ್ಯಾಕತ್ತೀನಿ,” ಎಂದು ಒಳಗಿನಿಂದ ಧ್ವನಿ ಬಂತು.

ಕುಲ್ಸುಮ್ ಬಗ್ಗಿ ನೋಡಿ ಕೋಲನ್ನು ಒಂದು ಗೇಣು ಎತ್ತರಿಸಿ ದಾರ ಬಿಗಿದಳು. ನೀರಿಗೆ ಕೂರಲು ಜಾಗ ಸಿಕ್ಕರೆ ಅದು ಒಳಗೆ ಬರುತ್ತದೆ, ಕೂರಲು ಬಿಡದೆ ಓಡಿಸಬೇಕು ಎಂದಳು. ಎರಡನೆಯ ಕೊಡ ಸರ್ರನೆ ಜಾರಿ ನೋಡುವವರ ಕಾಲಿಗೆ ಹೋಯಿತು. ಮೂರನೆಯದೂ ಹಾಗೆಯೇ ಹೋಯಿತು. ನಾಲ್ಕನೆಯ ಕೊಡ ಎತ್ತಿದಾಗ ಸಾಕು ಎಂದು ತಾಯಣ್ಣನೇ ಹೊರಗೆ ಬಂದ. ಸೂಗಮ್ಮನಿಗೆ ಇನ್ನೂ ಮನಸ್ಸಿತ್ತು.

ದಸರೆ ಮುಗಿದ ಮೂರನೆಯ ದಿನ ತಾಯಣ್ಣ ಹೊರಟು, ಸಂಜೆ ಹೊತ್ತು ಮುಳುಗುವ ಮೊದಲೇ ಮಲ್ಲಟ ಮುಟ್ಟಿದ. ಊರ ಹೊರಗಿನ ಬಾವಿಯ ಹತ್ತಿರ ಬಯಲಿನಲ್ಲಿ ಡೇರೆ ಕಟ್ಟಿದ. ಅವನು ಕಟ್ಟಿ ಮುಗಿಸಿ ಹಿಂದೆ ಸರಿದು ನೋಡುವಾಗ ಇಳಿಬಿಸಿಲು ಬಟ್ಟೆಯ ಮೇಲೆ ಬಿದ್ದು ಅದು ಬೆಳ್ಳಿಯ ತಗಡಿನ ಹಾಗೆ ಹೊಳೆಯಿತು. ನೀರಿಗೆ ಬಂದ ಒಬ್ಬ ಹೆಂಗಸು ಕೊಡ ಇಳಿಸಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಪ್ರತಿ ವರ್ಷ ಚುಚ್ಚೋ ತಾಯಣ್ಣನ ನೆರಳು ಕಂಡರೆ ಬಾಗಿಲು ಹಾಕುತ್ತಿದ್ದ ಊರು, ಆ ಸಂಜೆ ಒಂದೊಂದು ಮನೆಯಾಗಿ ಹೊರಗೆ ಬಂತು.

ಅವರೆಲ್ಲರ ಮುಂದೆ ಬಂದವಳು ಬಸವಂತಮ್ಮ. ಹಿಂದಿನ ವರ್ಷ ತಾಯಣ್ಣ ಅವಳ ಮನೆಯ ಮುಂದೆ ನಿಂತಾಗ ಕಸಬರಿಗೆ ಹಿಡಿದು, ನಮ್ಮ ಮನಿಗೆ ಅಮ್ಮ ಬಂದ್ರ ನಾವು ನೋಡ್ಕೋತೀವಿ, ನೀ ಹೋಗು ಎಂದು ಅಟ್ಟಿದ್ದ ಮುದುಕಿ. ಈಗ ಸೊಸೆಯ ಕೂಸನ್ನು ಸೊಂಟದ ಮೇಲಿಟ್ಟುಕೊಂಡಿದ್ದಳು.

“ಏನಲೇ ಇದು?”

“ಡೇರಿ ಯವ್ವಾ. ವಿಮಾನದ ಛತ್ರಿದು. ಪಟ್ಟೆ ಅರಿವಿ, ರೇಷ್ಮಿ.”

“ಮುಟ್ಟಲೇನು?”

ಸುತ್ತಲಿನವರು ಮುಖಮುಖ ನೋಡಿಕೊಂಡರು. ತಾಯಣ್ಣನ ಡೇರೆಯನ್ನು ಊರಗೌಡ್ತಿಯಂಥ ಬಸವಂತಮ್ಮ ಮುಟ್ಟುವುದೆಂದರೆ ಏನು? ಮುದುಕಿ ಅದನ್ನು ಗಮನಿಸಿದಳು.

“ಪಟ್ಟೆಗೆ ಮೈಲಿಗಿ ಹತ್ತಂಗಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಡೇರೆಯ ಅಂಚನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕೂಸಿನ ಕೆನ್ನೆಗೆ ಒತ್ತಿದಳು. ಕೂಸು ನಕ್ಕಿತು. ಶಾಸ್ತ್ರವೇ ಒಪ್ಪಿಗೆ ಕೊಟ್ಟ ಮೇಲೆ ಇನ್ನೇನು, ಹೆಂಗಸರೆಲ್ಲ ಒಮ್ಮೆಲೇ ಬಂದು ಡೇರೆ ಸವರತೊಡಗಿದರು. ಒಂದು ದಾರ ಕಳಚಿತು. ತಾಯಣ್ಣ ಕೋಲು ಹಿಡಿದುಕೊಂಡು ನಿಂತ.

ಬಸವಂತಮ್ಮ ಕೂಡಲೇ ವ್ಯವಹಾರಕ್ಕೆ ಬಂದಳು. “ಈ ಕೂಸಿಗೆ ಒಂದು ಕುಲಾಯಿ ಆಗೋವಷ್ಟು ಹರದು ಕೊಡು. ಕಿವಿ ಮುಚ್ಚಿದ್ರ ಸಾಕು.”

“ಹರದ್ರ ನಾ ಎಲ್ಲಿ ಮಕ್ಕೋಬೇಕು ಯವ್ವಾ?”

“ನೀ ಇಷ್ಟುದ್ದ ಅದಿ. ಒಂದು ಕುಲಾಯಿಗೆ ಏನಾಗ್ತದ?”

ತಾಯಣ್ಣ ಯೋಚಿಸಿದ. ಮಲ್ಲಟದಲ್ಲಿ ಹಿಂದಿನ ವರ್ಷ ಅವನು ಚುಚ್ಚಿದ್ದು ಹನ್ನೊಂದು ಮಕ್ಕಳಿಗೆ; ಅವರಲ್ಲಿ ಇಬ್ಬರು ಪಕ್ಕದೂರಿನಿಂದ ಹಬ್ಬಕ್ಕೆ ಬಂದವರು. ಈಗ ಎದುರಿಗೆ ಊರಿನ ಮಕ್ಕಳೆಲ್ಲ ನಿಂತಿದ್ದರು, ಓಡುವುದನ್ನು ಮರೆತು. “ಕೂಸಿಗೆ ಚುಚ್ಚು ಹಾಕಿಸು, ಕುಲಾಯಿ ಕೊಡ್ತೀನಿ,” ಎಂದ.

ಮುದುಕಿ ಕೂಸನ್ನು ನೋಡಿದಳು, ಬಟ್ಟೆಯನ್ನು ನೋಡಿದಳು. “ಬಾಳ ಅಳಿಸಬ್ಯಾಡ,” ಎಂದು ಕೂಸಿನ ತೋಳನ್ನು ತಾನೇ ಚಾಚಿ ಹಿಡಿದಳು.

ಆಮೇಲೆ ಎಲ್ಲರಿಗೂ ಕುಲಾಯಿ ಬೇಕಾಯಿತು. ತಾಯಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕುಲಾಯಿ ಹಂಚುತ್ತಾ ಹೋದರೆ ಮೂರನೆಯ ಊರಿಗೆ ಡೇರೆಯೇ ಇರುವುದಿಲ್ಲ. ಉಳಿದವರಿಗೆ ಬೆರಳಗಲದ ಪಟ್ಟಿ, ಗೇಣುದ್ದ, ಚುಚ್ಚಿದ ತೋಳಿಗಲ್ಲ, ಇನ್ನೊಂದು ತೋಳಿಗೆ ಕಟ್ಟಲಿಕ್ಕೆ ಎಂದು ಸಾರಿದ. ಮರುದಿನ ಮಧ್ಯಾಹ್ನದೊಳಗೆ ಮಲ್ಲಟದಲ್ಲಿ ಅರವತ್ತಮೂರು ಮಕ್ಕಳ ತೋಳಿನಲ್ಲಿ ಬಿಳಿ ಪಟ್ಟಿ ಮಿಂಚುತ್ತಿತ್ತು. ಪಟ್ಟಿ ಸಿಕ್ಕವರು ಸಿಗದವರನ್ನು ಅಣಕಿಸುತ್ತಿದ್ದರು. ಹೊಲಕ್ಕೆ ಓಡಿಹೋಗಿ ಅಡಗಿದ್ದ ಇಬ್ಬರು ಅಣ್ಣತಮ್ಮಂದಿರು ಊಟದ ಹೊತ್ತಿಗೆ ತಾವಾಗಿಯೇ ಬಂದು ತೋಳು ಚಾಚಿದರು. ಕೇರಿಯ ಮಕ್ಕಳೂ ಊರಿನ ಮಕ್ಕಳೂ ಅಂದು ಒಂದೇ ಸಾಲಿನಲ್ಲಿ ನಿಂತಿದ್ದು ಯಾರ ಗಮನಕ್ಕೂ ಬರಲಿಲ್ಲ. ಗಮನಿಸಿದ ಒಬ್ಬಿಬ್ಬರು ಪಟ್ಟಿ ಮುಗಿದೀತೆಂಬ ಭಯದಲ್ಲಿ ಸುಮ್ಮನಿದ್ದರು.

ಸುದ್ದಿ ಅವನಿಗಿಂತ ಮುಂದೆ ನಡೆಯಿತು. ಮುಂದಿನ ಊರುಗಳಲ್ಲಿ ಜನ ದಾರಿಗೆ ಬಂದು ಕಾಯುತ್ತಿದ್ದರು. ಎಲ್ಲಿ ಡೇರಿ, ಬಿಚ್ಚು ಎನ್ನುತ್ತಿದ್ದರು. ತಾಯಣ್ಣ ಕಾಲಿನ ಕಡೆಯಿಂದ ಹರಿಯುತ್ತಾ ಬಂದ. ಆರನೆಯ ಊರಿನಲ್ಲಿ ಅವನ ಪಾದ ಹೊರಗೆ ಬಂತು. ಹನ್ನೆರಡನೆಯದರಲ್ಲಿ ಮೊಣಕಾಲು. ಮಳೆ ಬಂದ ಎರಡು ದಿನ ಗೋಣಿಚೀಲದಲ್ಲಿ ಕಾಲು ಹಾಕಿಕೊಂಡು ಮಲಗಿದ. ಬೇಸರವೇನೂ ಆಗಲಿಲ್ಲ; ದಿನದಿನಕ್ಕೂ ಬೆನ್ನು ಹಗುರಾಗುತ್ತಿದ್ದುದು ಅವನಿಗೆ ಬಿಟ್ಟಿಯಾಗಿ ಸಿಕ್ಕ ಲಾಭದಂತೆ ಕಂಡಿತು. ಒಬ್ಬ ಕುರಿಗಾರ ಮಾತ್ರ ಒಂದು ದಿನ ಅವನ ಡೇರೆಯ ಹರಿದ ಅಂಚನ್ನು ನೋಡುತ್ತಾ ನಿಂತು, “ಇದನ್ನ ಉಣ್ಣೋ ದನ ಯಾವುದಪ್ಪಾ?” ಎಂದು ವಿಚಾರಿಸಿ ಹೋದ.

ದೇವದುರ್ಗದ ಪರದೆಯ ಮನೆಗಳಲ್ಲಿ ಮಾತ್ರ ಪಟ್ಟಿ ನಡೆಯಲಿಲ್ಲ. ಅರಿವೆ ಮಾರುವ ಒಬ್ಬ ವ್ಯಾಪಾರಿಯ ಮನೆಯಲ್ಲಿ ಐದು ಮಕ್ಕಳಿದ್ದರು. ಮನೆಯಾಕೆ ಅಕ್ಬರಿ ಬೇಗಂ ಪರದೆಯ ಹಿಂದಿನಿಂದ ಮಾತಾಡಿದಳು. ಚುಚ್ಚು ಬೇಡವೆಂದು ಅವಳು ಹೇಳಲಿಲ್ಲ. ದೊಡ್ಡ ಹುಡುಗಿಯರು ಇದ್ದಾರೆ, ತನಗೂ ಹಾಕಿಸಿಕೊಳ್ಳಬೇಕು, ನಿಮ್ಮ ಜೊತೆಗೆ ಹೆಂಗಸರು ಯಾರೂ ಇಲ್ಲವೇ ಎಂದು ಕೇಳಿದಳು. ಇಲ್ಲವೆಂದ ತಾಯಣ್ಣ. ಹಾಗಾದರೆ ಹೆಂಗಸರನ್ನು ಕರೆದುಕೊಂಡು ಬನ್ನಿ, ನಾವೆಲ್ಲ ಹಾಕಿಸಿಕೊಳ್ಳುತ್ತೇವೆ ಎಂದು ಅವಳು ಪರದೆಯ ಕೆಳಗಿನಿಂದ ಒಂದು ತಟ್ಟೆ ಖರ್ಜೂರ ಸರಿಸಿದಳು. ಖರ್ಜೂರ ತಿನ್ನುತ್ತಾ ಊರು ದಾಟುವಾಗ ತಾಯಣ್ಣನಿಗೆ ಆ ಮನೆ ಮುಳ್ಳಿನ ಹಾಗೆ ಚುಚ್ಚಿತು.

ಈ ನಡುವೆ ಅವನು ವಾರಕ್ಕೊಮ್ಮೆ ಕಳಿಸುತ್ತಿದ್ದ ಮಕ್ಕಳ ಹೆಸರಿನ ಪಟ್ಟಿಯನ್ನು ನೋಡಿ ರಾಯಚೂರಿನಲ್ಲಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜಹೀರುದ್ದೀನ್ ಸಾಹೇಬರ ಹುಬ್ಬು ಗಂಟಾಗಿತ್ತು. ಹಿಂದಿನ ವರ್ಷ ಎಲ್ಲ ಸೇರಿ ಮುನ್ನೂರು ದಾಟದ ಮನುಷ್ಯ, ಈ ವರ್ಷ ಅರ್ಧ ದಾರಿಗೇ ಸಾವಿರ ಬರೆದಿದ್ದಾನೆ. ಮರದ ಕೆಳಗೆ ಕೂತು ಹೆಸರು ಕಟ್ಟಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತು. ತನಿಖೆಗೆ ತಾವೇ ಹೊರಟರು. ಅವರ ಜೊತೆಗೆ ಅವರ ಡೇರೆ ಹೊರಟಿತು, ನಾಲ್ಕು ಎತ್ತಿನ ಗಾಡಿಯ ಮೇಲೆ, ಒಂದು ಮೇಜು, ಒಂದು ಕುರ್ಚಿ, ಸ್ನಾನದ ಹಂಡೆ ಸಮೇತ.

ದೇವದುರ್ಗ ದಾಟಿ ಕೃಷ್ಣೆಯ ಕಡೆಗಿನ ಎರೆ ಹೊಲಗಳ ನಡುವೆ ಬರುವಾಗ ಮಧ್ಯಾಹ್ನ. ಹಿಂದಿನ ದಿನದ ಮಳೆಗೆ ದಾರಿ ಅಂಟಾಗಿತ್ತು. ಗಾಡಿಯ ಗಾಲಿ ನಡುವಿನ ಗುಂಬದ ತನಕ ಹೂತು ನಿಂತಿತು. ಗಾಡಿಯವರು ಎತ್ತು ಬಿಚ್ಚಿ, ಕಟ್ಟಿ, ಬೈದು, ಬೇಡಿ ನೋಡಿದರು. ಸಾಹೇಬರು ಬೇಸತ್ತು ಬೂಟಿನ ತುಂಬ ಮಣ್ಣು ಹೊತ್ತುಕೊಂಡು ಒಬ್ಬರೇ ಮುಂದೆ ನಡೆದರು.

ದಾರಿಯ ಬದಿಯ ಹೊಲದಲ್ಲಿ ಮಕ್ಕಳು ಬಿತ್ತಿದ ಕಾಳಿಗೆ ಬರುವ ಹಕ್ಕಿ ಕಾಯುತ್ತಿದ್ದರು. ಎಲ್ಲರ ತೋಳಿನಲ್ಲೂ ಬಿಳಿ ಪಟ್ಟಿ. ಸಾಹೇಬರು ಒಬ್ಬ ಹುಡುಗಿಯನ್ನು ಕರೆದು ಇನ್ನೊಂದು ತೋಳು ನೋಡಿದರು. ಹೊಸ ಚುಚ್ಚು, ಸುತ್ತ ಕೆಂಪು. ಎರಡನೆಯವನದೂ ಹಾಗೆಯೇ. ಏಳನೆಯ ತೋಳು ನೋಡುವಷ್ಟರಲ್ಲಿ ಸಾಹೇಬರ ಮುಖದಲ್ಲಿದ್ದ ಸಿಟ್ಟು ಬೇರೇನೋ ಆಗಿತ್ತು. ತಾಯಣ್ಣ ಎಲ್ಲಿ ಎಂದಾಗ ಮಕ್ಕಳು ದೂರದ ಬದುವಿನ ಕಡೆ ಕೈ ತೋರಿಸಿದರು.

ಅವರು ಅಲ್ಲಿಗೆ ಮುಟ್ಟುವುದಕ್ಕೂ ಸ್ವಾತಿ ಮಳೆ ಬಡಿಯುವುದಕ್ಕೂ ಸರಿಹೋಯಿತು. ಸುತ್ತ ಕಣ್ಣು ಹಾಯುವ ತನಕ ಒಂದು ಮರವಿರಲಿಲ್ಲ. ಬದುವಿನ ಮೇಲೆ ಒಂದು ಕೋಲು, ಕೋಲಿನ ತುದಿಯಲ್ಲಿ ದೊಡ್ಡ ಕರವಸ್ತ್ರದಷ್ಟು ರೇಷ್ಮೆ, ಅದರ ಕೆಳಗೆ ಎದೆಯ ತನಕ ಒಳಗಿದ್ದು ಉಳಿದದ್ದು ಹೊರಗಿದ್ದ ತಾಯಣ್ಣ. ಸಾಹೇಬರನ್ನು ಕಂಡು ಅವನು ಎದ್ದು ನಿಲ್ಲಲು ಹೋದ. ಡೇರೆ ತಲೆಯ ಜೊತೆ ಎದ್ದುಬಂತು.

“ಕೂಡು, ಕೂಡು,” ಎಂದು ಸಾಹೇಬರು ತಾವೂ ತಲೆ ತೂರಿಸಿದರು. ಇಬ್ಬರೂ ಭುಜಕ್ಕೆ ಭುಜ ಒತ್ತಿ ಬೋರಲು ಮಲಗಿದರು, ನಡುವೆ ಔಷಧದ ಗಡಿಗೆ. ಹೊರಗೆ ನಾಲ್ಕು ಕಾಲು ತೊಯ್ಯುತ್ತಿದ್ದವು, ಎರಡಕ್ಕೆ ಬೂಟು, ಎರಡು ಬರಿಗಾಲು.

ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಕೇಳಿದರು: “ಇದು ಡೇರಾ ಏನು ತಾಯಣ್ಣ, ಟೋಪಿ ಏನು?”

“ಹೊರಡೋವಾಗ ಡೇರಿ ಇತ್ರಿ ಸಾಹೇಬರೇ.”

“ಉಳಿದದ್ದು ಎಲ್ಲಿ?”

“ನೀವು ನೋಡ್ಕೋತ ಬಂದೀರಲ್ರಿ. ತೋಳಿನ್ಯಾಗ.”

ಸಾಹೇಬರ ಹೊಟ್ಟೆ ಅಲುಗಾಡಲು ಶುರುವಾಯಿತು. ತಾಯಣ್ಣ ಚಳಿ ಎಂದುಕೊಂಡ. ಆಮೇಲೆ ಅದು ನಗುವೆಂದು ತಿಳಿಯಿತು. ಸಾಹೇಬರು ಮಣ್ಣಿಗೆ ಹಣೆ ಹಚ್ಚಿ ನಗುತ್ತಿದ್ದರು. ಗೋಣಿ ಹೊದ್ದು ಹೊಲದಿಂದ ಮನೆಗೆ ಓಡುತ್ತಿದ್ದ ಇಬ್ಬರು ರೈತರು ನಾಲ್ಕು ಕಾಲುಗಳ ಹತ್ತಿರ ನಿಂತರು.

“ಬೂಟು ಯಾರವು?” ಎಂದು ಒಬ್ಬ ಕೇಳಿದ.

“ಸರಕಾರದವು,” ಎಂದರು ಸಾಹೇಬರು ಒಳಗಿನಿಂದ.

ಮಳೆ ನಿಂತ ಮೇಲೆ ಅವರು ತಾಯಣ್ಣನ ಹೆಸರಿನ ಪಟ್ಟಿಯ ಕೆಳಗೆ ಸರಿ ಎಂದು ರುಜು ಮಾಡಿದರು. ಇಲಾಖೆಗೆ ಬರೆದು ಒಳ್ಳೆಯ ಗಟ್ಟಿ ಡೇರೆಯೊಂದನ್ನು ಕೊಡಿಸುತ್ತೇನೆ ಎಂದರು. ತಾಯಣ್ಣನ ಮುಖ ಸಣ್ಣದಾಯಿತು. ದೂರದಲ್ಲಿ ಇನ್ನೂ ಗಾಡಿಯನ್ನು ನೂಕುತ್ತಿದ್ದವರ ಕಡೆ ಅವನು ನೋಡಿದ, ಸಾಹೇಬರೂ ನೋಡಿದರು. “ಬ್ಯಾಡ ಬಿಡು,” ಎಂದು ತಾವೇ ಹೇಳಿದರು.

ಜೋಳ ತೆನೆ ಬಿಟ್ಟ ಹೊತ್ತಿಗೆ ತಾಯಣ್ಣ ಮಾನ್ವಿಗೆ ಮರಳಿದ. ಸೂಗಮ್ಮ ರೊಟ್ಟಿ ಬಡಿಯುತ್ತಾ ಪೂರ್ತಿ ಕತೆ ಕೇಳಿದಳು. ಕಾಲು ಹೊರಗೆ ಬಂದದ್ದಕ್ಕೆ ಬೈದಳು, ಬಸವಂತಮ್ಮನ ಮೈಲಿಗೆಯ ಶಾಸ್ತ್ರಕ್ಕೆ ನಕ್ಕಳು. ಸಾಹೇಬರು ಬೋರಲು ಮಲಗಿದ್ದನ್ನು ಎರಡು ಸಲ ಹೇಳಿಸಿದಳು. ಆದರೆ ಅಕ್ಬರಿ ಬೇಗಂ ಹೇಳಿದ್ದನ್ನು ಕೇಳಿದಾಗ ಅವಳ ಕೈ ನಿಂತಿತು.

“ಅಂಥವು ಎಷ್ಟು ಮನಿ ಅದಾವ?”

“ದೇವದುರ್ಗದಾಗ ಬಾಳ ಅದಾವ. ಹಳ್ಳ್ಯಾಗೂ ಗೌಡರ ಮನಿಯಾಕೇರು ಹೊರಗ ಬರಂಗಿಲ್ಲ.”

“ಚುಚ್ಚೋದು ಕಲಿಯಾಕ ಎಷ್ಟು ದಿನ ಬೇಕು?”

ತಾಯಣ್ಣ ರೊಟ್ಟಿ ಮುರಿಯುವುದನ್ನು ಬಿಟ್ಟು ಅವಳನ್ನು ನೋಡಿದ. “ನಾಕು ದಿನ. ನಿನ್ನ ಕೈ ಹಗುರದ, ಎರಡ ದಿನ ಸಾಕು. ಆದ್ರ ಮೂವತ್ತೊಂದು ಹಳ್ಳಿ ನಡಿಯೋದದ.”

“ರಾಯಚೂರಾಗ ಕೆರಿ ಸುತ್ತಿದಾಕಿ ನಾನೂ ಹೌದಲ್ಲ,” ಎಂದಳು ಸೂಗಮ್ಮ, ರೊಟ್ಟಿ ತಿರುವಿ ಹಾಕುತ್ತಾ.

ಜಹೀರುದ್ದೀನ್ ಸಾಹೇಬರು ಒಪ್ಪಿದರು. ಹೆಂಗಸೊಬ್ಬಳು ಇದ್ದರೆ ಪರದೆಯ ಮನೆಗಳು ತೆರೆಯುತ್ತವೆಂದು ಅವರಿಗೂ ಗೊತ್ತಿತ್ತು. ಮುಂದಿನ ಹಿಂಗಾರಿನ ಮೊದಲು ಇಬ್ಬರೂ ಮತ್ತೆ ಕುಲ್ಸುಮ್‌ಳ ಅಂಗಡಿಗೆ ಹೋದರು. ಛತ್ರಿಯ ರೇಷ್ಮೆ ಎರಡು ಗಜ ಮಾತ್ರ ಉಳಿದಿತ್ತು. ಅದನ್ನು ತೋಳಿನ ಪಟ್ಟಿಗೆಂದು ಕತ್ತರಿಸಿಟ್ಟರು. ಡೇರೆಗೆ ಏನೆಂದು ಮುದುಕಿ ಯೋಚಿಸಿ, ತೆಳು ಮಾದರಪಾಟು ಬಟ್ಟೆಗೆ ಅಗಸೆಯೆಣ್ಣೆ ಕುಡಿಸೋಣ ಎಂದಳು. ರೇಷ್ಮೆಗಿಂತ ತೂಕ ಹೆಚ್ಚು. ಆದರೆ ಈ ಸಲ ಹೊರುವವರು ಇಬ್ಬರು: ಬಟ್ಟೆ ಒಬ್ಬರಿಗೆ, ಗಡಿಗೆ ಬುತ್ತಿ ಇನ್ನೊಬ್ಬರಿಗೆ. ನೆಲದ ಮೇಲೆ ಇಬ್ಬರನ್ನೂ ಮಲಗಿಸಿ ಗೆರೆ ಎಳೆದಳು. ಸೂಗಮ್ಮ ಗಂಡನ ಮೊಣಕೈಯನ್ನು ಆಚೆ ತಳ್ಳಿ, ಇಲ್ಲಿಂದ ಇಲ್ಲಿ ತನಕ ನನಗ ಬೇಕು ಎಂದು ಗೆರೆಯನ್ನು ತಾನೇ ಅಳಿಸಿ ಅಗಲ ಮಾಡಿದಳು.

ಡೇರೆ ಹಳದಿಯಾಗಿ, ಅಂಟಂಟಾಗಿ, ಎಣ್ಣೆಯ ವಾಸನೆ ಹೊಡೆಯುತ್ತಾ ಬಂತು. ಮಾನ್ವಿಯ ಹಿತ್ತಲ ಬೇಲಿಯ ಮೇಲೆ ಹತ್ತು ದಿನ ಒಣಗಿತು. ಓಣಿಯವರು ಮೂಗು ಮುಚ್ಚಿಕೊಂಡು ತಿರುಗಿದರು. ಒಬ್ಬ ಹೆಂಗಸೂ ಅದರ ಅಂಚನ್ನು ಸವರಿ ನೋಡಲಿಲ್ಲ. ತಾಯಣ್ಣನಿಗೆ ಅದು ಬಹಳ ಸಮಾಧಾನ ಕೊಟ್ಟಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಮನೆಗೆ ಬೀಗ ಹಾಕಿ ಇಬ್ಬರೂ ಹೊರಟರು. ಸೂಗಮ್ಮನ ಬೆನ್ನಿಗೆ ಡೇರೆ, ಸೆರಗಿನ ಗಂಟಿನಲ್ಲಿ ಸೂಜಿಯ ಡಬ್ಬಿ. ಮೊದಲ ಹರದಾರಿ ಮುಗಿಯುವ ಮೊದಲೇ ಅವಳು ಗಂಡನನ್ನು ದಾಟಿ ಮುಂದೆ ನಡೆದಿದ್ದಳು. ತಾಯಣ್ಣ ಅಷ್ಟುದ್ದ ಕಾಲಿಟ್ಟುಕೊಂಡು ಹಿಂದಿನಿಂದ, ಸ್ವಲ್ಪ ನಿಧಾನ ನಡಿ, ಇನ್ನೂ ಮೂವತ್ತೊಂದು ಅದಾವ ಎಂದು ಹೇಳುತ್ತಾ ಹೋದ.